ಕಂಬ ಸಂಖ್ಯೆ ೪೧೭

ಕಟ್ಲರ್ಸ್ ಗ್ಯಾಪ್ ಊರಿನ ಕೊನೆಯ ಕಂಬ ಇದು.
ತುದಿಯಲ್ಲಿ ನಾನೇ ಸುತ್ತಿಟ್ಟ ಕೇಬಲ್ಲು,
ನೂರಿಪ್ಪತ್ತು ಅಡಿ, ಸಿಂಬಿಯ ಹಾಗೆ.
ಸಿಂಬಿ ಇದೆ, ಮೇಲೆ ಕೂರಲು ಕೊಡವಿಲ್ಲ.
ಕೂದಲಿಗಿಂತ ಸಣ್ಣ ಗಾಜು, ಅದರೊಳಗೆ
ಬೆಳಕು ಮಾತು ಹೊತ್ತು ಓಡುತ್ತದೆ ಎಂದರೆ
ನನ್ನಣ್ಣ ಇವತ್ತಿಗೂ ನಂಬುವುದಿಲ್ಲ.

ರಸ್ತೆ ನಲವತ್ತಡಿ ಅಗಲ. ಟೇಪು ಹಿಡಿದು ಅಳೆದಿದ್ದೇನೆ.
ಆಚೆ ಬದಿ ವರ್ಲೀನ್ ಸ್ಟಿಡಮ್‌ಳ ಟ್ರೈಲರ್ ಮನೆ,
ನೀಲಿ ಟಾರ್ಪಾಲು, ಎರಡು ಆಡು,
ಕಿಟಕಿಯಲ್ಲಿ ಮೊಸರಿನ ಡಬ್ಬಿಗಳಲ್ಲಿ ಟೊಮೆಟೊ ಸಸಿ.
ಅವಳಿಗೆ ಕರೆಂಟು ಬೇರೆ ಕಂಪನಿಯದು.
ನಮ್ಮೂರ ವಿದ್ಯುತ್ ಇಲಾಖೆ
ತನ್ನ ಮೀಟರು ತಿರುಗುವಲ್ಲಿ ಮಾತ್ರ ಈ ಎಳೆ ಎಳೆಯಬೇಕು,
ಒಂದು ಗೇಣೂ ದಾಟಬಾರದು
ಎಂದು ನ್ಯಾಶ್‌ವಿಲ್ಲಿನಲ್ಲಿ ಕೂತು ಬರೆದಿದ್ದಾರೆ,
ಈ ರಸ್ತೆ ನೋಡದವರು.

ವೃದ್ಧಾಶ್ರಮದ ಬಟ್ಟೆ ಒಗೆದು
ರಾತ್ರಿ ಹನ್ನೊಂದಕ್ಕೆ ಹೊರಬೀಳುತ್ತಿದ್ದಳು.
ರಕ್ತ ತೆಗೆಯುವ ಕೆಲಸ ಕಲಿಯುವ ಆಸೆ;
ಪಾಠವೆಲ್ಲ ಇಂಟರ್ನೆಟ್ಟಿನಲ್ಲಿ.
ಗ್ರಂಥಾಲಯ ಆರಕ್ಕೇ ಮುಚ್ಚುತ್ತದೆ,
ಅದರ ಸಿಗ್ನಲ್ಲಿಗೆ ಬಾಗಿಲು ಹಾಕಿಕೊಳ್ಳಲು ಬಾರದು,
ಗೋಡೆ ದಾಟಿ ಅಂಗಳಕ್ಕೆ ಸೋರುತ್ತದೆ.
ಅಲ್ಲಿ ಕಾರು ನಿಲ್ಲಿಸಿ, ಸ್ಟೀರಿಂಗಿಗೆ ಫೋನು ಒರಗಿಸಿ
ತನ್ನ ಮೊಣಕೈಯನ್ನೇ ಒತ್ತಿ ಒತ್ತಿ
ನರ ಹುಡುಕುತ್ತಿದ್ದಳು.

ಒಂದು ರಾತ್ರಿ ಗಾಜಿಗೆ ಟಾರ್ಚು ಬಡಿಯಿತು.
ಡೆಪ್ಯುಟಿ ಕಗಿನ್ಸ್ ಬರೆದುಕೊಂಡ:
ಅನುಮತಿಯಿಲ್ಲದೆ ಕಂಪ್ಯೂಟರ್ ಜಾಲದೊಳಕ್ಕೆ ಪ್ರವೇಶ.

ಕೋರ್ಟಿನಲ್ಲಿ ನಾನು ಹಿಂದಿನ ಬೆಂಚಿನಲ್ಲಿದ್ದೆ.
ಪಾಸ್‌ವರ್ಡು ಕದ್ದದ್ದು ಹೇಗೆ ಎಂಬುದೇ ಪ್ರಶ್ನೆ.
ಗ್ರಂಥಪಾಲಕಿ ಓಪಲ್ ಟ್ರೆಂಟ್ ಎದ್ದು ನಿಂತರು:
"ಕೇಳಿದಳು, ಹೇಳಿದೆ.
ಸತ್ತುಹೋದ ನನ್ನ ಬೆಕ್ಕಿನ ಹೆಸರು ಅದು,
ಕೇಳಿದವರಿಗೆಲ್ಲ ಹೇಳುತ್ತೇನೆ."
ಜನ ನಕ್ಕರು. ನ್ಯಾಯಾಧೀಶರೂ ಮೀಸೆಯೊಳಗೆ.
"ಅಷ್ಟು ಹೊತ್ತು ಅಲ್ಲಿ ಏನು ಮಾಡಿದೆ?"
"ಕಾಯ್ದೆ," ಅಂದಳು.
"ವಿಡಿಯೊ ಇಳಿಯುವವರೆಗೆ, ಸ್ವಾಮಿ, ಕಾಯ್ದೆ."

ಆಗ ಸರ್ಕಾರಿ ವಕೀಲ ನಕ್ಷೆ ಬಿಡಿಸಿದ.
ಎಂಬತ್ತೆಂಟು ರಾತ್ರಿ, ಎಂಬತ್ತೆಂಟು ಕೆಂಪು ಚುಕ್ಕೆ.
ಫೋನು ಹೋದಲ್ಲೆಲ್ಲ ಗುರುತು:
ಪೆಟ್ರೋಲು ಬಂಕು, ದವಾಖಾನೆ,
ಯಾರೂ ಹೋಗದ ಆ ಕೆರೆಯ ದಂಡೆ, ನಲವತ್ತು ನಿಮಿಷ.
ಮಿಲ್ ರಸ್ತೆಯ ಒಂದು ಮನೆ, ಎರಡು ಸಲ,
ಬೆಳಗಿನ ನಾಲ್ಕರವರೆಗೆ.
ಅವಳು ತಲೆ ಎತ್ತಲಿಲ್ಲ.
"ಇದಕ್ಕೆ ವಾರಂಟು?" ಕೇಳಿದರು ನ್ಯಾಯಾಧೀಶರು.
ವಕೀಲ ಒಂದು ಹಾಳೆ ಮಗುಚಿದ.
ಮತ್ತೆ ಅದೇ ಹಾಳೆ ಮಗುಚಿದ.

ಕೇಸು ಬಿದ್ದುಹೋಯಿತು. ನಕ್ಷೆ ಸುತ್ತಿ ಎತ್ತಿಟ್ಟರು.
ಆದರೆ ಕಣ್ಣಿಗೆ ಬಿದ್ದದ್ದನ್ನು ಸುತ್ತಿ ಎತ್ತಿಡುವುದು ಯಾರು?
ಮಧ್ಯಾಹ್ನದೊಳಗೆ ಕ್ಷೌರದಂಗಡಿಯಲ್ಲಿ ಅದೇ ಮಾತು,
ಸಂಜೆಯ ಚರ್ಚಿನಲ್ಲಿ ಸ್ವಲ್ಪ ತಗ್ಗಿದ ದನಿಯಲ್ಲಿ.
ನನ್ನ ಎಳೆ ನಲವತ್ತಡಿ ದಾಟಲಾರದು,
ಅವಳ ಹೆಜ್ಜೆಗಳು ಮೂರು ಕೌಂಟಿ ದಾಟಿ
ಯಾರದೋ ಮೇಜಿನ ಮೇಲೆ ಬಂದು ಕೂತವು,
ತಡೆದು ಕೇಳುವವರು ಒಬ್ಬರೂ ಇರಲಿಲ್ಲ.

ಮಿಲ್ ರಸ್ತೆಯ ಆ ಮನೆ ನನ್ನದು.
ಪರೀಕ್ಷೆ ಬರೆಯಲು ಬಂದಿದ್ದಳು. ನಡುವೆ ತುಂಡಾಗದ
ಸಿಗ್ನಲ್ಲು ಬೇಕಿತ್ತು, ಮೂರು ಗಂಟೆ.
ಮೊದಲ ಸಲ ಫೇಲು. ಎರಡನೇ ಸಲ ಪಾಸು.
ನಾನು ಕಾಫಿ ಕಾಸಿದೆ, ನಾಯಿಯನ್ನು ಹೊರಗೆ ಕಟ್ಟಿದೆ.
ಅಷ್ಟೇ.
ಅಷ್ಟೇ ಅಂದರೆ ನಂಬುವವರು ಯಾರು?
ಗಾಜಿನೊಳಗೆ ಬೆಳಕು ಓಡುವುದನ್ನೇ
ನಂಬದ ಊರು.

ಈಗ ಅವಳು ಕೆಲಸಕ್ಕೆ ಪಕ್ಕದ ಕೌಂಟಿಗೆ ಹೋಗುತ್ತಾಳೆ.
ಫೋನು ಮನೆಯಲ್ಲೇ ಬಿಟ್ಟು ಹೋಗುತ್ತಾಳೆ ಎಂದು ಕೇಳಿದೆ.
ನಾನು ಕಂಬದ ಮೇಲಿದ್ದರೆ ಕೈ ಬೀಸುವುದಿಲ್ಲ,
ನಾನೂ ಕೂಗುವುದಿಲ್ಲ.
ಇಲಾಖೆಯವರು ಹೊಸ ಚೀಟಿ ಕಳಿಸಿದ್ದಾರೆ,
ಸಿಂಬಿಗೆ ಕಟ್ಟಬೇಕಂತೆ:
ಮುಂದಿನ ಬಳಕೆಗಾಗಿ ಕಾಯ್ದಿರಿಸಿದೆ.
ತಂತಿಯಿಂದ ಎರಡು ಸುತ್ತು ಬಿಗಿದೆ.
ಕೆಳಗೆ ಅವಳ ಆಡೊಂದು
ರಸ್ತೆಯ ನಡುವಿನ ಹಳದಿ ಗೆರೆಯ ಮೇಲೆ ನಿಂತು
ಏನನ್ನೋ ಜಗಿಯುತ್ತಿತ್ತು.